ಮುಡುಕುತೊರೆಯ ಬೆಟ್ಟದ ಮೇಲಿಂದ

ಮೈಸೂರಿನಲ್ಲಿ ಬೆಟ್ಟ ಹತ್ತುವ ಮಾತೆತ್ತಿದರೆ ಕೇಳುವವರ ಕಣ್ಣು ತಾನಾಗಿಯೇ ಚಾಮುಂಡಿಯ ಕಡೆಗೆ ತಿರುಗುತ್ತದೆ. ಹೊಳೆ ನೋಡುವ ಮಾತೆತ್ತಿದರೆ ಶ್ರೀರಂಗಪಟ್ಟಣವೋ ಶಿವನಸಮುದ್ರವೋ ನೆನಪಾಗುತ್ತದೆ. ಬೆಟ್ಟವನ್ನೂ ಹೊಳೆಯನ್ನೂ ಒಂದೇ ಬೆಳಗಿನ ಶ್ರಮದಲ್ಲಿ ನೋಡಬಹುದಾದ ಸ್ಥಳವೊಂದು ನಗರದಿಂದ ಐವತ್ತು ಕಿಲೋಮೀಟರಿನೊಳಗೇ ಇದೆ. ಅದಕ್ಕೆ ಮುಡುಕುತೊರೆ ಎಂದು ಹೆಸರು. ಮುಡುಕು ಎಂದರೆ ತಿರುವು. ತೊರೆ ಎಂದರೆ ಹೊಳೆ. ಕಾವೇರಿಯು ತಿರುಗುವ ಸ್ಥಳವೆಂಬುದನ್ನು ಹೆಸರಿಟ್ಟವರು ಎರಡೇ ಮಾತಿನಲ್ಲಿ ಹೇಳಿ ಮುಗಿಸಿದ್ದಾರೆ. ಅಷ್ಟನ್ನೇ ಹೇಳಲು ನಮಗೆ ಇಂದು ಕಾಲು ಗಂಟೆ ಬೇಕಾಗಿದೆ, ಶ್ರೋತೃಗಳು ಮನ್ನಿಸಬೇಕು.

ನಾವು ಕಾಲೇಜಿನಲ್ಲಿ ಇಂಗ್ಲಿಷ್ ಸಾಹಿತ್ಯವನ್ನು ಪಾಠ ಹೇಳುವವರು. ವರ್ಡ್ಸ್‌ವರ್ತ್ ಕವಿಯು 1798ರಲ್ಲಿ ವೈ ಎಂಬ ನದಿಯ ದಡದ ಮೇಲಿಂದ ಕಂಡ ನೋಟವನ್ನು ವರ್ಷವರ್ಷವೂ ತರಗತಿಗೆ ವಿವರಿಸುತ್ತೇವೆ. ಆ ನದಿಯನ್ನು ನಾವು ಕಂಡವರಲ್ಲ, ಕೇಳುವವರೂ ಕಂಡವರಲ್ಲ. ಬಹಳ ವರ್ಷಗಳ ಹಿಂದೆ ಒಂದು ದಿನ ಹೀಗೆ ಪಾಠ ನಡೆದಿದ್ದಾಗ ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಎದ್ದುನಿಂತು, "ಸಾರ್, ನಮ್ಮ ಕಡೆ ಮುಡುಕುತೊರೆ ಬೆಟ್ಟದಿಂದ ನೋಡಿದರೂ ಹೊಳೆ ಹೀಗೆಯೇ ಕಾಣುತ್ತದೆ" ಎಂದ. ಅವನ ಊರು ತಿರುಮಕೂಡಲು ನರಸೀಪುರದ ಸೀಮೆ. ತರಗತಿಯೆಲ್ಲ ನಕ್ಕಿತು, ನಾವೂ ನಕ್ಕೆವು. ಗಂಟೆ ಹೊಡೆಯಿತು, ಪುಸ್ತಕ ಮುಚ್ಚಿದೆವು. ಆ ಹುಡುಗನ ವಿಷಯ ಮುಂದೆ ಬರತಕ್ಕುದು. ಈಗ ದಾರಿ ಹಿಡಿಯೋಣ.

ಮುಡುಕುತೊರೆಗೆ ಮೈಸೂರಿನಿಂದ ನೇರವಾಗಿ ನರಸೀಪುರದ ಮಾರ್ಗವಾಗಿ ಹೋಗಬಹುದು. ನಾವು ಮಾತ್ರ ಸುತ್ತುಬಳಸಿನ ದಾರಿಯನ್ನು ಹಿಡಿದು ನಂಜನಗೂಡಿಗೆ ಹೋಗಿ ಅಲ್ಲಿಂದ ಹೊರಡುತ್ತೇವೆ. ಏಕೆಂದರೆ ಬೆಟ್ಟದ ಮೇಲಿಂದ ಕಾಣುವ ನೀರು ಒಂದು ಹೊಳೆಯದಲ್ಲ, ಎರಡು ಹೊಳೆಗಳದು. ಮನೆಗೆ ಬಂದ ನೆಂಟರ ಪೂರ್ವಾಪರವನ್ನು ತಿಳಿದುಕೊಂಡರೆ ಮಾತು ಸಲೀಸಾಗುವಂತೆ, ನೀರಿನ ಪೂರ್ವಾಪರವನ್ನು ತಿಳಿದುಕೊಂಡರೆ ನೋಟಕ್ಕೆ ಅರ್ಥ ಬರುತ್ತದೆ. ಈ ಬಾರಿ ಮಾರ್ಗಶಿರದ ಒಂದು ಭಾನುವಾರ ಐವರು ಹುಡುಗರೂ ನಾಲ್ವರು ಹುಡುಗಿಯರೂ ನಮ್ಮ ಜತೆಗೆ ಬಂದರು. ಎಲ್ಲರ ಚೀಲದಲ್ಲಿಯೂ ಬುತ್ತಿಯ ಜತೆಗೆ ಒಂದೊಂದು ಟವೆಲು ಇದ್ದುದನ್ನು ನಾವು ಬಸ್ಸಿನಲ್ಲಿಯೇ ಗಮನಿಸಿದೆವು, ಗಮನಿಸಿದೆವೆಂದು ಹೇಳಲಿಲ್ಲ.

ನಂಜನಗೂಡಿನ ಕಬಿನಿಯನ್ನು ಅಲ್ಲಿಯ ಜನ ಕಪಿಲೆ ಎಂದೇ ಕರೆಯುತ್ತಾರೆ. ವೈನಾಡಿನ ಕಾಡಿನ ಮಳೆಯನ್ನು ಹೊತ್ತು ತಂದ ಹೊಳೆಯಿದು. ಶ್ರೀಕಂಠೇಶ್ವರನ ಗುಡಿಯು 385 ಅಡಿ ಉದ್ದ, 160 ಅಡಿ ಅಗಲ, 147 ಕಂಬಗಳ ದೊಡ್ಡ ಕಟ್ಟಡ. ಅದರ ಗೋಪುರವನ್ನು ಕಂಡವರಿಗೆ ಊರಿನ ಗುರುತನ್ನು ಬೇರೆ ಹೇಳಬೇಕಾಗಿಲ್ಲ. ನಾವು ದೇವರ ದರ್ಶನ ಮಾಡಿಕೊಂಡು, 1735ರಲ್ಲಿ ದಳವಾಯಿ ದೇವರಾಜಯ್ಯನವರ ಕಾಲದಲ್ಲಿ ಕಟ್ಟಿದ ಹಳೆಯ ಸೇತುವೆಯ ಬಳಿಗೆ ಹೋದೆವು. ಒಂದು ಕಾಲಕ್ಕೆ ಗಾಡಿಯ ದಾರಿಯನ್ನೂ ರೈಲಿನ ದಾರಿಯನ್ನೂ ಜತೆಯಾಗಿ ಹೊತ್ತಿದ್ದ ಆ ಕಲ್ಲುಕಮಾನುಗಳ ಕೆಳಗೆ ಕಪಿಲೆ ಅಂದು ಸಾಧುವಾಗಿ ಹರಿಯುತ್ತಿತ್ತು. 2019ರ ಆಗಸ್ಟಿನಲ್ಲಿ ಇದೇ ಹೊಳೆ ಉಕ್ಕಿ ಸ್ನಾನಘಟ್ಟವನ್ನು ಮುಳುಗಿಸಿ, ಮೈಸೂರಿನ ಹೆದ್ದಾರಿಯ ಮೇಲೆ ನಿಂತು ಬಸ್ಸುಗಳನ್ನು ತಡೆದಿತ್ತೆಂದರೆ ವಿದ್ಯಾರ್ಥಿಗಳು ನಂಬುವ ಮುಖ ಮಾಡಿದರು, ನಂಬಲಿಲ್ಲ. ಎದುರಿಗೆ ಮೊಣಕಾಲುದ್ದ ನೀರಿನಲ್ಲಿ ಎಮ್ಮೆಗಳು ಮಲಗಿರುವಾಗ ನಂಬುವುದು ಹೇಗೆ?

ಅಲ್ಲಿಂದ ಕಪಿಲೆಯ ಬೆನ್ನಹಿಂದೆಯೇ ಹೋದಂತೆ ಭತ್ತದ ಗದ್ದೆ, ಕಬ್ಬು, ತೆಂಗಿನ ತೋಟಗಳನ್ನು ದಾಟಿ ನರಸೀಪುರವನ್ನು ಸೇರಿದೆವು. ತಿರುಮಕೂಡಲಿನಲ್ಲಿ ಕಾವೇರಿ ಕಪಿಲೆಗಳು ಕೂಡುತ್ತವೆ. ಕಣ್ಣಿಗೆ ಕಾಣದ ಸ್ಫಟಿಕ ಸರೋವರವನ್ನು ಮೂರನೆಯದಾಗಿ ಎಣಿಸುವುದರಿಂದ ಇದು ತ್ರಿವೇಣಿ. 1989ರಿಂದ ಮೂರು ವರ್ಷಗಳಿಗೊಮ್ಮೆ ಇಲ್ಲಿ ಕುಂಭಮೇಳವನ್ನು ನಡೆಸುವ ಪದ್ಧತಿ ಬಂದಿದೆ. ಅಗಸ್ತ್ಯೇಶ್ವರನದು ಮರಳಿನ ಲಿಂಗವೆಂದು ಪ್ರತೀತಿ. ಗುಂಜಾ ನರಸಿಂಹನ ಕೈಯಲ್ಲಿರುವುದು ಒಂದು ಗುಲಗಂಜಿ. ಕಾಶಿಗಿಂತ ಈ ಕ್ಷೇತ್ರ ಒಂದು ಗುಲಗಂಜಿಯಷ್ಟು ಹೆಚ್ಚು ತೂಕದ್ದೆಂದು ಅದರ ಅರ್ಥ. ತಮ್ಮ ಊರನ್ನು ಹೊಗಳಿಕೊಳ್ಳುವಾಗಲೂ ಒಂದು ಗುಲಗಂಜಿಗಿಂತ ಹೆಚ್ಚು ಕೇಳದ ಈ ಜನರ ಸಂಕೋಚ ನಮಗೆ ಬಹಳ ಮೆಚ್ಚಿಗೆ. ಪಿಟೀಲು ಚೌಡಯ್ಯನವರು ಹುಟ್ಟಿದ ಊರೂ ತಿರುಮಕೂಡಲೇ. ಏಳು ತಂತಿಗಳ ಪಿಟೀಲನ್ನು ನುಡಿಸಿದ ಆ ಮಹನೀಯರು ಮಗುವಾಗಿದ್ದಾಗ ಮೊದಲು ಕೇಳಿದ ನಾದ ಎರಡು ನೀರು ಕೂಡುವ ಸದ್ದೇ ಇದ್ದಿರಬೇಕೆಂದು ಊಹಿಸಿದರೆ ತಪ್ಪಾಗಲಾರದು.

ನರಸೀಪುರದಿಂದ ತಲಕಾಡಿನ ಕಡೆಗೆ ಹೋಗುವ ದಾರಿಯಲ್ಲಿ, ತಲಕಾಡಿಗೆ ಸ್ವಲ್ಪ ಮುಂಚೆ, ಬಯಲಿನ ನಡುವೆ ಗುಡ್ಡವೊಂದು ಏಳುತ್ತದೆ. ಅದರ ನೆತ್ತಿಯ ಮೇಲೆ ಮಲ್ಲಿಕಾರ್ಜುನಸ್ವಾಮಿ. ತಲಕಾಡಿನ ಪಂಚಲಿಂಗಗಳಲ್ಲಿ ವೈದ್ಯೇಶ್ವರ, ಪಾತಾಳೇಶ್ವರ, ಮರುಳೇಶ್ವರ, ಅರ್ಕೇಶ್ವರರು ನೆಲದ ಮೇಲಿದ್ದರೆ ಮಲ್ಲಿಕಾರ್ಜುನನೊಬ್ಬನು ಬೆಟ್ಟವೇರಿ ಕುಳಿತಿದ್ದಾನೆ. ಅರ್ಜುನನು ಮಲ್ಲಿಕಾ ಪುಷ್ಪದಿಂದ ಪೂಜಿಸಿದ್ದರಿಂದ ಈ ಹೆಸರೆಂದು ಸ್ಥಳಪುರಾಣ. ಕಾರ್ತಿಕದ ಸೋಮವಾರ ಅಮಾವಾಸ್ಯೆಯ ವಿಶೇಷ ಯೋಗ ಕೂಡಿದಾಗ, 2013ರಲ್ಲಿ ಹಾಗೂ 2020ರಲ್ಲಿ ಆದಂತೆ, ಪಂಚಲಿಂಗ ದರ್ಶನಕ್ಕೆ ನಾಡೆಲ್ಲ ಇತ್ತ ಹರಿದುಬರುತ್ತದೆ. ಜಾತ್ರೆಯ ಕಾಲದಲ್ಲಿ ಬೆಟ್ಟದ ಕೆಳಗಿನ ಬಯಲಿನಲ್ಲಿ ದನಗಳ ಪರಿಷೆ ಸೇರುತ್ತದೆ. ಉಳಿದ ದಿನಗಳಲ್ಲಿ ಬೆಟ್ಟ ತನ್ನಷ್ಟಕ್ಕೆ ತಾನಿರುತ್ತದೆ.

ಹತ್ತುವುದಕ್ಕೆ ಕಲ್ಲಿನ ಮೆಟ್ಟಿಲುಗಳಿವೆ. ಚಾಮುಂಡಿಯ ಮೆಟ್ಟಿಲುಗಳನ್ನು ಹತ್ತಿದವರಿಗೆ ಇದು ಏನೂ ಅಲ್ಲ. ನಲವತ್ತು ದಾಟಿದ ನಮ್ಮಂಥವರೂ ಎರಡು ಕಡೆ ನಿಂತು, ಪ್ರಕೃತಿಯನ್ನು ನೋಡುವ ನೆವದಿಂದ ಉಸಿರು ಸುಧಾರಿಸಿಕೊಂಡು, ಅರ್ಧ ಗಂಟೆಯೊಳಗೆ ಮೇಲೆ ಸೇರಬಹುದು. ಹತ್ತುವಾಗ ಬೆನ್ನು ಹೊಳೆಯ ಕಡೆಗಿರುವುದೇ ಒಳ್ಳೆಯದು. ಮೇಲೆ ನಿಂತು ಒಮ್ಮೆಗೇ ತಿರುಗಿದರೆ ಆಗುವ ಆನಂದ ಬೇರೆ.

ತಿರುಗಿ ನೋಡಿದೆವು. ಬಲಗಡೆಯಿಂದ, ನರಸೀಪುರದ ದಿಕ್ಕಿನಿಂದ, ಕಾವೇರಿ ಬರುತ್ತಾಳೆ. ಎರಡು ಹೊಳೆಗಳ ನೀರು ಕೂಡಿದ ಮೇಲೆ ಅವಳ ನಡಿಗೆಗೆ ಗೃಹಿಣಿಯ ಗಾಂಭೀರ್ಯ ಬಂದಿದೆ. ಮುಂದೆ ತಲಕಾಡಿನ ಬಳಿ ದೊಡ್ಡದಾಗಿ ಬಾಗಿ, ಎಡಗಡೆಗೆ ಈಶಾನ್ಯಕ್ಕೆ ಮುಖ ಮಾಡಿ, ಶಿವನಸಮುದ್ರದ ಧುಮುಕಿಗೆ ಹೋಗುತ್ತಾಳೆ. ಬಾಗಿನ ಒಳಮಗ್ಗುಲಲ್ಲಿ ಬೆಳ್ಳಗೆ ಹರಡಿದ ಮರಳು. ಅದರ ಹಿಂದೆ ಸರ್ವೆ ಮರಗಳ, ನೀಲಗಿರಿ ಮರಗಳ ತೋಪು. ಆ ತೋಪಿನೊಳಗೆ ತಲಕಾಡು. ಬಾಗಿನ ಹೊರಮಗ್ಗುಲಲ್ಲಿ, ಹೊಳೆಯಾಚೆ, ಮಾಲಂಗಿ. ಕೆಳಗೆ ಮಾಧವಮಂತ್ರಿ ನಾಲೆಯ ನೀರನ್ನು ಕುಡಿದ ಗದ್ದೆಗಳು. ಇಬ್ಬನಿ ಕರಗಿದ ಮೇಲೆ ಆಗ್ನೇಯದ ಅಂಚಿನಲ್ಲಿ ಬಿಳಿಗಿರಿರಂಗನ ಬೆಟ್ಟದ ಸಾಲು ನೀಲಿಯಾಗಿ ಮೂಡಿತು. ವಿದ್ಯಾರ್ಥಿಗಳು ಮೊಬೈಲುಗಳನ್ನು ತೆಗೆದು ಚಿತ್ರ ಹಿಡಿದರು. ಅವರನ್ನು ಆಕ್ಷೇಪಿಸುವುದು ನಮ್ಮ ಕೆಲಸವಲ್ಲ. ವರ್ಡ್ಸ್‌ವರ್ತನ ಕಾಲದ ಪ್ರವಾಸಿಗಳೂ ನೋಟವನ್ನು ಹಿಡಿದಿಡಲು ಚೀಲದಲ್ಲಿ ಕನ್ನಡಿ ಇಟ್ಟುಕೊಂಡು ತಿರುಗುತ್ತಿದ್ದರು.

ಈ ಬಾಗಿಗೆ ಒಂದು ಕಥೆಯಿದೆ. ಅದನ್ನು ಅರಿಯದ ಮೈಸೂರಿನವರಿಲ್ಲ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡರು. ವಿಜಯನಗರದ ಪ್ರತಿನಿಧಿಯಾಗಿದ್ದ ತಿರುಮಲರಾಯನು ತಲಕಾಡಿನಲ್ಲಿ ಕಾಲವಾದ ಮೇಲೆ ಅವನ ರಾಣಿ ಅಲಮೇಲಮ್ಮನ ಒಡವೆಗಳಿಗಾಗಿ ಜನ ಬಂದರೆಂದೂ, ಆಕೆ ಒಡವೆಗಳೊಂದಿಗೆ ಮಾಲಂಗಿಯ ಬಳಿ ಹೊಳೆಗೆ ಹಾರಿದಳೆಂದೂ, ಹಾರುವ ಮುನ್ನ ಮೂರು ಶಾಪಗಳನ್ನು ಕೊಟ್ಟಳೆಂದೂ ಹೇಳುತ್ತಾರೆ: ತಲಕಾಡನ್ನು ಮರಳು ನುಂಗಬೇಕು, ಮಾಲಂಗಿಯಲ್ಲಿ ಮಡು ಬೀಳಬೇಕು, ದೊರೆಗಳಿಗೆ ಸಂತತಿ ಇಲ್ಲವಾಗಬೇಕು. ಮೂರನೆಯದು ಅರಮನೆಯ ವಿಷಯ; ಅದು ನಮ್ಮ ಭಾಷಣಕ್ಕೆ ಸೇರಿದ್ದಲ್ಲ. ಮೊದಲೆರಡು ಮಾತ್ರ ಬೆಟ್ಟದ ಮೇಲೆ ನಿಂತವರ ಕಣ್ಣೆದುರಿಗೇ ಇವೆ.

ಗಂಗರ ರಾಜಧಾನಿಯಾಗಿದ್ದು, 11ನೆಯ ಶತಮಾನದ ಆರಂಭದಲ್ಲಿ ಚೋಳರ ಕೈಸೇರಿ, ಅನಂತರ ವಿಷ್ಣುವರ್ಧನನಿಗೆ ತಲಕಾಡುಗೊಂಡನೆಂಬ ಬಿರುದನ್ನೂ ಊರಿಗೆ ಕೀರ್ತಿನಾರಾಯಣನ ಗುಡಿಯನ್ನೂ ತಂದುಕೊಟ್ಟ ಪಟ್ಟಣ ಮರಳಿನಡಿಯಲ್ಲಿ ಹೋಗಿರುವುದು ನಿಜ. 19ನೆಯ ಶತಮಾನದಲ್ಲಿ ರೈಸ್ ಸಾಹೇಬರು ತಮ್ಮ ಗೆಜೆಟಿಯರಿನಲ್ಲಿ ಮರಳು ವರ್ಷಕ್ಕೆ 9–10 ಅಡಿಗಳಂತೆ ಊರಿನ ಮೇಲೆ ಏರಿಬರುತ್ತಿದೆಯೆಂದು ಬರೆದರು. ಇದಕ್ಕೆ ಕಾರಣವನ್ನು ಬೆಟ್ಟದ ಮೇಲಿಂದ ಬೆರಳು ಮಾಡಿ ತೋರಿಸಬಹುದು. ಹೊಳೆ ಬಾಗುವಲ್ಲಿ ರಭಸದ ನೀರು ಹೊರದಡಕ್ಕೆ ಒತ್ತಿ ನಡೆದು ಅದನ್ನು ಕೊರೆಯುತ್ತದೆ. ಒಳದಡದಲ್ಲಿ ನೀರು ಸೋಮಾರಿಯಾಗಿ, ಹೊತ್ತುತಂದ ಮರಳನ್ನು ಇಳಿಸಿಬಿಡುತ್ತದೆ. ಒಳದಡದಲ್ಲಿರುವ ತಲಕಾಡಿಗೆ ಮರಳು. ಹೊರದಡದ ಮಾಲಂಗಿಗೆ ಮಡು. ವಿಜಯನಗರದ ಕಾಲದಲ್ಲಿ ಮಾಧವಮಂತ್ರಿಯು ಮೇಲುಗಡೆ ಕಟ್ಟಿಸಿದ ಅಣೆಕಟ್ಟು ನೀರನ್ನು ಗದ್ದೆಗಳಿಗೆ ತಿರುಗಿಸಿದ್ದರಿಂದ ಹೊಳೆಯ ಪಾತ್ರ ಬಯಲಾಗಿ, ನೈಋತ್ಯದ ಗಾಳಿ ಆ ಒಣ ಮರಳನ್ನು ಊರಿನ ಮೇಲಕ್ಕೆ ಸುರಿಯಿತೆಂದು ವಿಜ್ಞಾನಿಗಳೂ ಸಾಹಿತಿಗಳೂ ಆದ ಕೆ. ಎನ್. ಗಣೇಶಯ್ಯನವರು ವಾದಿಸಿದ್ದಾರೆ. ಗದ್ದೆಗೆ ಬಂದ ಭಾಗ್ಯವೂ ಪಟ್ಟಣಕ್ಕೆ ಬಂದ ವಿಪತ್ತೂ ಒಂದೇ ಕಟ್ಟೆಯ ಎರಡು ಫಲಗಳೆಂದಾಯಿತು. ಸರ್ವೆ ಮರಗಳ ತೋಪು ಬೆಳೆದದ್ದೂ ಈ ಮರಳನ್ನು ಹಿಡಿದು ನಿಲ್ಲಿಸುವುದಕ್ಕಾಗಿಯೇ.

"ಹಾಗಾದರೆ ಶಾಪ ಸುಳ್ಳೇ ಸಾರ್?" ಎಂದಳು ಒಬ್ಬ ಹುಡುಗಿ. ಈ ಪ್ರಶ್ನೆಗೆ ನಾವು ಒಂದು ಕಾಲದಲ್ಲಿ ಥಟ್ಟನೆ ಉತ್ತರ ಕೊಡುತ್ತಿದ್ದೆವು. ಈಗ ಕೊಡುವುದಿಲ್ಲ. ಶಾಪವು ಕಾರಣವನ್ನು ತಪ್ಪಾಗಿ ಹೇಳಿರಬಹುದು. ಸ್ಥಳವನ್ನು ಸರಿಯಾಗಿಯೇ ಹೇಳಿದೆ. ಎಲ್ಲಿ ಮರಳಿದೆ, ಎಲ್ಲಿ ಮಡುವಿದೆ ಎಂಬುದನ್ನು ನಾನೂರು ವರ್ಷಗಳ ಕಾಲ ಓದು ಬರಹವಿಲ್ಲದ ಮಕ್ಕಳಿಗೂ ಅದು ನೆನಪಿನಲ್ಲಿ ಇರಿಸಿದೆ. ನಮ್ಮ ಭೂಗೋಳದ ಪುಸ್ತಕ ಅಷ್ಟನ್ನು ಇನ್ನೂ ಮಾಡಿಲ್ಲ.

ಇಷ್ಟಾದ ಮೇಲೆ ನಾವು ಪ್ರತಿವರ್ಷವೂ ಮಾಡುವ ಒಂದು ಪರೀಕ್ಷೆಯನ್ನು ಮಾಡಿದೆವು. "ಟವೆಲು ತಂದಿದ್ದೀರಿ. ಸಂತೋಷ. ಹೊಳೆಯಲ್ಲಿ ಇಳಿಯುವುದಾದರೆ ಎಲ್ಲಿ ಇಳಿಯುತ್ತೀರಿ? ಇಲ್ಲಿಂದಲೇ ತೋರಿಸಿ" ಎಂದೆವು. ಒಂಬತ್ತು ಕೈಗಳು ಮೇಲೆದ್ದವು. ಒಂದೆಡೆ ನೀರು ಕಲ್ಲುಗಳ ಮೇಲೆ ಮಿರುಗುತ್ತ, ಸಣ್ಣ ಸದ್ದು ಮಾಡುತ್ತ ಹರಿಯುತ್ತಿತ್ತು. ಆ ಕಡೆ ಯಾರೂ ತೋರಿಸಲಿಲ್ಲ. ಸ್ವಲ್ಪ ಕೆಳಗೆ, ನೀರು ಕನ್ನಡಿಯಂತೆ, ಅಲುಗದೆ, ಕಪ್ಪು ಹಸುರಾಗಿ ಮಲಗಿತ್ತು. ಒಂಬತ್ತು ಬೆರಳುಗಳೂ ಅಲ್ಲಿಗೇ ಹೋದವು. ಇದುವರೆಗೆ ನಾವು ಕರೆತಂದ ಯಾವ ತಂಡವೂ ಬೇರೆ ಕಡೆಗೆ ತೋರಿಸಿಲ್ಲ.

ಮೊದಲ ಬಾರಿ ಇಲ್ಲಿ ನಿಂತಾಗ ನಾವೂ ಅಲ್ಲಿಗೇ ತೋರಿಸಿದ್ದೆವು. ಅಂದು ನಾವು ಒಬ್ಬರೇ ಬಂದಿದ್ದೆವು. ಹಿಂದಿನ ಬೆಂಚಿನ ಆ ಹುಡುಗ ಬೇಸಗೆ ರಜದಲ್ಲಿ ಗೆಳೆಯರೊಂದಿಗೆ ಹೊಳೆಗೆ ಹೋಗಿ, ಮುಳುಗುತ್ತಿದ್ದ ಒಬ್ಬನನ್ನು ದಡಕ್ಕೆ ನೂಕಿ, ತಾನು ಮೇಲೆ ಬರಲಿಲ್ಲ. ಅದು ಈ ಸ್ಥಳವಲ್ಲ. ಇಂಥದೇ ಇನ್ನೊಂದು ಬಾಗು. ರಜ ಮುಗಿದು ಕಾಲೇಜು ತೆರೆದ ದಿನ ಹಾಜರಿ ಪುಸ್ತಕದಲ್ಲಿ ಅವನ ಹೆಸರು ಹಾಗೆಯೇ ಇತ್ತು. ನಾವು ಅಭ್ಯಾಸಬಲದಿಂದ ಕೂಗಿಬಿಟ್ಟೆವು. ಅಂದು ತರಗತಿ ನಗಲಿಲ್ಲ. ಮುಂದಿನ ಭಾನುವಾರ ಅವನು ಹೇಳಿದ್ದ ಬೆಟ್ಟವನ್ನು ನೋಡೋಣವೆಂದು ಬಂದೆವು. ಅವನ ಮಾತು ನಿಜವಾಗಿತ್ತು. ಕವಿಯ ಹೊಳೆಗೆ ನಮ್ಮ ಹೊಳೆ ಯಾವುದರಲ್ಲಿಯೂ ಕಡಮೆಯಾಗಿರಲಿಲ್ಲ. ಅದನ್ನು ಅವನಿಗೆ ಹೇಳುವ ಅವಕಾಶ ಮಾತ್ರ ಇರಲಿಲ್ಲ.

ಮೇಕೆ ಮೇಯಿಸುತ್ತಿದ್ದ ಒಬ್ಬ ಮುದುಕರು ಅಂದು ಬಂಡೆಯ ಮೇಲೆ ಕುಳಿತಿದ್ದರು. "ಎಷ್ಟು ಶಾಂತವಾಗಿದೆ ಯಜಮಾನರೇ, ಆ ಕಡೆಯ ನೀರು" ಎಂದೆವು. ಅವರು ನಮ್ಮನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಮೇಷ್ಟ್ರೇನು ಬುದ್ಧೀ ತಾವು?" ಎಂದು ಕೇಳಿದರು. ಹೌದೆಂದೆವು. "ಮಾತಾಡೋ ನೀರು ತೆಳ್ಳಗಿರ್ತದೆ. ಸುಮ್ಕೆ ಮಲಗಿರೋದೇ ಮಡ. ಅಲ್ಲಿ ಬಿದ್ದ ದನಾನೂ ನಾವು ಹುಡುಕಕೋಗಲ್ಲ" ಎಂದರು. ಸ್ವಲ್ಪ ಹೊತ್ತು ಬಿಟ್ಟು, "ಮೊದಲು ಇಷ್ಟು ತಿಳಕೊಂಡ್ರೆ ಸಾಕಾಗಿತ್ತು. ಈಗ ಮರಳು ತೋಡವ್ರೆ. ತೋಡಿದ ಕಡೆ ತೆಳ್ಳನೆ ನೀರೂ ಸುಳ್ಳು ಹೇಳ್ತದೆ" ಎಂದರು. ಇಪ್ಪತ್ತು ವರ್ಷ ಓದಿ ಓದಿಸಿದ ನಮಗೆ ಹೊಳೆಯನ್ನು ಓದಲು ಕಲಿಸಿದ ಪಾಠ ಇದಿಷ್ಟೇ. ಆ ಮುದುಕರು ಈಗಿಲ್ಲ. ಅವರ ಮಾತನ್ನು ನಾವು ವರ್ಷಕ್ಕೊಮ್ಮೆ ಅದೇ ಬಂಡೆಯ ಮೇಲೆ ನಿಂತು ಒಪ್ಪಿಸುತ್ತೇವೆ.

ಅದಕ್ಕೆ ನಾವು ಸೇರಿಸುವುದು ಒಂದು ಮಾತು. ಈ ನೀರು ಆಕಾಶವನ್ನು ಮಾತ್ರ ನಂಬಿಕೊಂಡಿದ್ದ ಕಾಲ ಹೋಯಿತು. ಕಾವೇರಿಯ ಮೇಲೆ 1911ರಲ್ಲಿ ಆರಂಭವಾಗಿ ಎರಡು ದಶಕಗಳ ಕಾಲ ನಡೆದ ಕನ್ನಂಬಾಡಿಯ ಕಟ್ಟೆಯಿದೆ. ಕಪಿಲೆಯ ಮೇಲೆ ಬೀಚನಹಳ್ಳಿಯಲ್ಲಿ 1974ರಲ್ಲಿ ಮುಗಿದ ಕಟ್ಟೆಯಿದೆ. ಕೊಡಗಿನಲ್ಲಿಯೋ ವೈನಾಡಿನಲ್ಲಿಯೋ ಮಳೆ ಸುರಿದು ಅಲ್ಲಿ ಬಾಗಿಲೆತ್ತಿದರೆ, ಇಲ್ಲಿ ಬಿಸಿಲು ಕಾಯುತ್ತಿರುವಾಗಲೇ ಹೊಳೆ ಏರಬಹುದು. ಮೇಲೆ ಮೋಡವಿಲ್ಲವೆಂಬುದು ಇಳಿಯುವುದಕ್ಕೆ ರಹದಾರಿಯಲ್ಲ. ಬೆಳಿಗ್ಗೆ ನಂಜನಗೂಡಿನಲ್ಲಿ ಎಮ್ಮೆಗಳನ್ನು ನೋಡಿ ನಂಬದೆ ಉಳಿದಿದ್ದ ವಿದ್ಯಾರ್ಥಿಗಳು ಈಗ ಮತ್ತೊಮ್ಮೆ 2019ರ ಮಾತನ್ನು ಕೇಳಿದರು. ಈ ಸಲ ಅವರ ಮುಖ ಬೇರೆಯಾಗಿತ್ತು.

ಇಳಿದು ತಲಕಾಡಿಗೆ ಹೋದೆವು. ಮರಳಿನಲ್ಲಿ ಕಾಲೆಳೆಯುತ್ತ ಪಾತಾಳೇಶ್ವರನನ್ನೂ ಕೀರ್ತಿನಾರಾಯಣನನ್ನೂ ನೋಡಿ, ಮಧ್ಯಾಹ್ನ ಹೊಳೆಯ ದಡದಲ್ಲಿ ಬುತ್ತಿ ಬಿಚ್ಚಿದೆವು. ಹರಿಗೋಲಿನವರೊಬ್ಬರನ್ನು ಕೇಳಿದೆವು; ಅವರು ಕೋಲಿನಿಂದ ಗೆರೆ ಎಳೆದಂತೆ, "ಇಲ್ಲಿಂದ ಅಲ್ಲಿಗೆ, ಮಂಡಿಯವರೆಗೆ, ಅಷ್ಟೆ" ಎಂದರು. ಅಷ್ಟರಲ್ಲಿಯೇ ಎಲ್ಲರೂ ನಿಂತರು. ಚೆನ್ನಾಗಿ ಈಜಬಲ್ಲ ಒಬ್ಬ ಹುಡುಗನಿಗೆ ಮಾತ್ರ ಬಹಳ ಬೇಸರ. "ಮಂಡಿಯುದ್ದ ನೀರಿಗೆ ಟವೆಲು ಯಾಕೆ ತಂದೆ" ಎಂದು ಗೊಣಗಿದ. ಬಸ್ಸು ಮೈಸೂರನ್ನು ಮುಟ್ಟುವವರೆಗೂ ನಮ್ಮೊಡನೆ ಮಾತನಾಡಲಿಲ್ಲ. ನಾವು ಸಮಾಧಾನ ಹೇಳಲು ಹೋಗಲಿಲ್ಲ. ಅವನು ಸಿಟ್ಟಿನಿಂದ ಕುಳಿತಿದ್ದ. ಕುಳಿತಿದ್ದನಷ್ಟೆ, ನಮಗೆ ಅದು ಸಾಕು.

ಶ್ರೋತೃಗಳಲ್ಲಿ ಯಾರಾದರೂ ಹೋಗುವುದಾದರೆ ಮಳೆಗಾಲ ಮುಗಿದು ಗದ್ದೆ ಹೊಂಬಣ್ಣಕ್ಕೆ ತಿರುಗಿದ ಮೇಲೆ, ಮಾರ್ಗಶಿರ ಪುಷ್ಯಗಳಲ್ಲಿ ಹೋಗಿ. ಬಿಸಿಲೇರುವ ಮುನ್ನ ಮೆಟ್ಟಿಲು ಹತ್ತಿ. ಕುಡಿಯುವ ನೀರನ್ನು ಜತೆಗೆ ಒಯ್ಯಿರಿ. ಕೋತಿಗಳಿಗೆ ಕಾಣುವಂತೆ ಬಾಳೆಹಣ್ಣನ್ನು ಒಯ್ಯಬೇಡಿ, ಅದು ನಂಜನಗೂಡಿನ ರಸಬಾಳೆಯಾಗಿದ್ದರಂತೂ ಬೇಡವೇ ಬೇಡ. ಹೊಳೆಗೆ ಇಳಿಯುವ ಮನಸ್ಸಿದ್ದರೆ ಮೊದಲು ಬೆಟ್ಟ ಹತ್ತಿ, ಆಮೇಲೆ ದಡದವರನ್ನು ಕೇಳಿ, ಕೊನೆಗೆ ಕಾಲಿಡಿ. ಮಕ್ಕಳನ್ನು ಕರೆದೊಯ್ಯುವ ಉಪಾಧ್ಯಾಯರು ಬಂಡೆಯ ಮೇಲೆ ನಿಲ್ಲಿಸಿ ಆ ಒಂದು ಪ್ರಶ್ನೆಯನ್ನು ಕೇಳಬೇಕೆಂದು ನಮ್ಮ ವಿಜ್ಞಾಪನೆ. ಬೆರಳುಗಳು ಯಾವ ಕಡೆಗೆ ಹೋಗುತ್ತವೆಂದು ನಾವು ಈಗಲೇ ಹೇಳಿದ್ದೇವೆ.

ಕವಿಯ ಪಾಠ ಈಗಲೂ ನಡೆಯುತ್ತದೆ. ವೈ ನದಿಯ ಮಾತು ಬಂದಾಗ ನಾವು ಒಂದು ಕ್ಷಣ ನಿಲ್ಲಿಸಿ, "ನಿಮ್ಮ ಕಡೆ ಇಂಥ ಹೊಳೆ ಯಾವುದಿದೆ?" ಎಂದು ಕೇಳುತ್ತೇವೆ. ಹಿಂದಿನ ಬೆಂಚಿನಿಂದಲೇ ಮೊದಲು ಕೇಳುತ್ತೇವೆ.